ಹಡಗಿಗೆ ಬೆನ್ನು ಮಾಡಿ ನಿಂತವಳು

ಕರಿಯಾಕೂ ದ್ವೀಪದ ವಿಂಡ್‌ವರ್ಡ್ ಊರಿನಲ್ಲಿ ಕಟ್ಟಿದ ಹಾಯಿಹಡಗುಗಳನ್ನು ಕಡಲಿಗಿಳಿಸುವುದು ಕ್ಲೆಮಿಯ ಗಂಟಲು ಎಂದು ಊರೆಲ್ಲ ಹೇಳುತ್ತಿತ್ತು. ಕ್ಲೆಮಿ ಅದನ್ನು ಎಂದೂ ಅಲ್ಲಗಳೆದವಳಲ್ಲ. ಹರೆಯದಲ್ಲಿ ಅವಳು ಹಡಗು ಇಳಿಸುವ ಜಾಗದಲ್ಲಿ ಕರಿದ ಮೀನು ಮಾರಲು ಹೋಗಿದ್ದಳು. ಅಂದು ಹಗ್ಗದ ಹಾಡು ಹೇಳುತ್ತಿದ್ದ ಮುದುಕ ನಡುವೆಯೇ ಕೆಮ್ಮಿ ಕೂತ. ಬಾಣಲೆಯ ಮುಂದಿನಿಂದಲೇ ಇವಳು ಪಲ್ಲವಿ ಎತ್ತಿಕೊಂಡಳು, ಹಡಗು ಸರಿಯಿತು. ಅಂದಿನಿಂದ ಆ ಕೆಲಸ ಅವಳದೇ ಆಯಿತು. ಈಗ ಅವಳಿಗೆ ಮೊಮ್ಮಕ್ಕಳಿದ್ದಾರೆ. ಊರಿನ ಚಿಕ್ಕವರೆಲ್ಲರಿಗೂ ಅವಳು ತಾಂತಿ, ಅಂದರೆ ಚಿಕ್ಕಮ್ಮ.

ಆ ಕೆಲಸದ ಬಗೆಯೇ ಬೇರೆ. ದಡದಿಂದ ದೂರ ನೀರಿನಲ್ಲಿ ಲಂಗರು ಹಾಕಿ, ಅದಕ್ಕೆ ಬಿಗಿದ ರಾಟೆಯ ಮೂಲಕ, ಹಡಗಿಗೆ ಕಟ್ಟಿದ ಹಗ್ಗದ ತುದಿಯನ್ನು ಮತ್ತೆ ದಡಕ್ಕೆ ತರುತ್ತಾರೆ. ಜನ ಕಡಲಿನತ್ತ ಮುಖ ಮಾಡಿ ಹಗ್ಗವನ್ನು ಹಿಂದಕ್ಕೆ ಜಗ್ಗಿದರೆ ಹಡಗು ಮುಂದಕ್ಕೆ ಜಾರುತ್ತದೆ. ನೂರು ಜನ ನೂರು ಗಳಿಗೆಯಲ್ಲಿ ಜಗ್ಗಿದರೆ ಮರಕ್ಕೂ ಮರಳಿಗೂ ಇರುವ ಹಿಡಿತ ಬಿಡುವುದಿಲ್ಲ. ಒಂದೇ ಗಳಿಗೆಯಲ್ಲಿ ಜಗ್ಗಿದರೆ ಬಿಡುತ್ತದೆ. ಇದರಲ್ಲಿ ಪವಾಡವೇನೂ ಇಲ್ಲ. ಆದರೆ ಆ ಒಂದು ಗಳಿಗೆಯನ್ನು ನೂರು ಜನರಿಗೆ ಹಂಚುವುದಕ್ಕೆ ಒಂದು ದನಿ ಬೇಕು. ಕ್ಲೆಮಿ ಜನರತ್ತ ಮುಖ ಮಾಡಿ ಪ್ರಶ್ನೆ ಎಸೆಯುತ್ತಿದ್ದಳು, ಜನ ಉತ್ತರ ಕೂಗುತ್ತ ಜಗ್ಗುತ್ತಿದ್ದರು. ಪ್ರಶ್ನೆಗಳಲ್ಲಿ ಇರುತ್ತಿದ್ದುದು ಊರಿನದೇ ಸುದ್ದಿ: ಯಾರು ಯಾರ ಕಿಟಕಿಯ ಕೆಳಗೆ ಸಿಕ್ಕಿಬಿದ್ದರು, ಯಾರ ಹೆಂಡತಿ ಯಾರನ್ನು ಹೊರಗೆ ಮಲಗಿಸಿದಳು. ನಗು ಬಂದವನು ಗಟ್ಟಿಯಾಗಿ ಜಗ್ಗುತ್ತಾನೆ ಎಂಬುದು ಅವಳ ಅನುಭವ.

ಹೀಗೆ ಹಡಗಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದುದರಿಂದ, ಹಡಗೊಂದು ತೇಲುವ ಗಳಿಗೆಯನ್ನು ಕ್ಲೆಮಿ ಒಮ್ಮೆಯೂ ಕಂಡಿರಲಿಲ್ಲ. ಹಡಗು ತೇಲಿ ನೆಟ್ಟಗಾಗುವವರೆಗೆ ಅದರ ಹೆಸರು ಯಜಮಾನನಿಗೊಬ್ಬನಿಗೇ ಗೊತ್ತು. ಆಮೇಲೆ ಅವನು ದಾರ ಎಳೆದರೆ, ಸುತ್ತಿ ಕಟ್ಟಿದ ಬಾವುಟ ಬಿಚ್ಚಿ ಹೆಸರು ಕಾಣುತ್ತದೆ. ಊರೆಲ್ಲ ಕೇಕೆ ಹಾಕಿದ ಮೇಲೆ ಕ್ಲೆಮಿ ತಿರುಗಿ, "ಏನಂತೆ ಹೆಸರು?" ಎಂದು ಕೇಳುತ್ತಿದ್ದಳು. ಅದೂ ಒಂದು ಪದ್ಧತಿಯಂತಾಗಿ ಜನ ನಗುತ್ತಿದ್ದರು.

ಆ ವರ್ಷ ಇಳಿಯಬೇಕಾಗಿದ್ದುದು ಆಲ್ಬನ್‌ನ ಹಡಗು. ಇಳಿಸುವ ಹಿಂದಿನ ದಿನ ಕ್ಲೆಮಿಯ ದನಿ ಹೋಯಿತು.

ಕಾರಣ ಅವಳ ಹೋತ. ಕೊಯ್ಲು ಮುಗಿದ ಮೇಲೆ ದ್ವೀಪದ ಮೇಕೆ ಕುರಿಗಳನ್ನೆಲ್ಲ ಬಿಟ್ಟುಬಿಡುತ್ತಾರೆ. ಅವು ಗುಡ್ಡದ ಮೇಲೆ ತಮ್ಮ ಪಾಡಿಗೆ ಮೇಯುತ್ತವೆ. ಮಳೆ ಬಂದು ಬಿತ್ತನೆಯ ದಿನ ಸಮೀಪಿಸಿದರೆ ಹುಡುಕಿ ತಂದು ಕಟ್ಟಬೇಕು. ಕ್ಲೆಮಿಯ ಹೋತದ ಹೆಸರು ಮ್ಯಾಜಿಸ್ಟ್ರೇಟ್. ಸ್ವಾತಂತ್ರ್ಯದ ರುಚಿ ಹತ್ತಿದ್ದ ಅದು ಗುಡ್ಡದ ಮುಳ್ಳಿನ ನಡುವೆ ಕೂತು, ಇವಳು ಬೆಳಗಿನಿಂದ ಬೈಗಿನವರೆಗೆ ಕೂಗಿದ್ದನ್ನು ಕಿವಿ ನಿಮಿರಿಸಿ ಕೇಳಿತು, ಬರಲಿಲ್ಲ. ಬಂದದ್ದು ಬರಿಗೈಯ ಕ್ಲೆಮಿ, ಅದೂ ಬರಿ ಗಾಳಿ ಹೊರಡುವ ಗಂಟಲಿನೊಂದಿಗೆ.

ಊರು ಮದ್ದು ತಂದಿತು. ಶುಂಠಿ, ನಿಂಬೆ, ಮಂಜುಗಡ್ಡೆಯೂ ಮುಳುಗಿಹೋಗುವಂಥ ಖಡಕ್ ರಮ್, ಯಾವುದೂ ನಾಟಲಿಲ್ಲ.

"ಹಿರೀಕರಿಗೆ ಎಡೆ ಇಡೋದು ಮರೆತಿದ್ದೀರ ತಾಂತಿ, ಅವ್ರೇ ಕಿತ್ಕೊಂಡಿದ್ದಾರೆ," ಎಂದ ಆಲ್ಬನ್.

"ಹಿರೀಕರಲ್ಲ ಕಣೋ, ಹೋತ," ಎಂದು ಕ್ಲೆಮಿ ಪಿಸುಗುಟ್ಟಿದಳು. "ಹಡಗನ್ನ ನಾಳಿದ್ದು ಇಳಿಸು."

"ಹ್ಯಾಗಾಗತ್ತೆ? ನಾಳೆ ಬಿಟ್ರೆ ಕಡಲು ಇಷ್ಟು ಏರೋ ಭರತ ಮುಂದಿನ ಹುಣ್ಣಿಮೆಗೇ. ಬಿಸಿಲಿಗೆ ಹಲಗೆ ಬಾಯಿ ಬಿಡ್ತವೆ." ಅವನು ತಲೆ ಕೆರೆದುಕೊಂಡ. "ನಮ್ಮತ್ತೆ ಹಾಡ್ತಾರಂತೆ."

ಅವನ ಅತ್ತೆ ಯುಡೋರಾ. ಕ್ಲೆಮಿಯ ಬೇಲಿಯಾಚೆಯ ಮನೆಯವಳು, ಚರ್ಚಿನ ಹಾಡಿನ ಮೇಳದಲ್ಲಿ ಮುಂದಿನ ಸಾಲಿನವಳು. ಮ್ಯಾಜಿಸ್ಟ್ರೇಟ್ ಹಿಂದೊಮ್ಮೆ ಬೇಲಿ ಹಾರಿ ಅವಳ ತೊಗರಿಯನ್ನು ಬುಡಸಮೇತ ಮುಗಿಸಿದಂದಿನಿಂದ ಅವಳಿಗೂ ಕ್ಲೆಮಿಗೂ ಮಾತಿಲ್ಲ. ಅಳಿಯನನ್ನೂ ಅವಳು ಬಿಟ್ಟವಳಲ್ಲ; ಇವನ ಕೈಗೆ ಸುತ್ತಿಗೆ ಕೊಟ್ಟರೆ ಹೆಬ್ಬೆರಳಿಗೇ ಹೊಡೆದುಕೊಳ್ಳುತ್ತಾನೆ ಎಂದು ಸಾರಿಕೊಂಡು ಬರುತ್ತಿದ್ದಳು.

ಕ್ಲೆಮಿಗೆ ಅನ್ನ ಸೇರಲಿಲ್ಲ. ಯುಡೋರಾಳ ದನಿಗೆ ಹಡಗು ಸರಿದರೆ ಅಲ್ಲಿಗೆ ತನ್ನ ಕಥೆ ಮುಗಿಯಿತು. ಉಳಿಯುವುದು ಮೀನಿನ ಬಾಣಲೆ ಮಾತ್ರ.

ಮರುದಿನ ಬೆಳಗ್ಗೆ ದಡದ ತುಂಬ ಜನ. ಕುರಿ ಕೊಯ್ದಾಗಿತ್ತು, ಹಂಡೆಗಳಲ್ಲಿ ಅನ್ನ, ಜೋಳದ ಮುದ್ದೆ, ತೊಗರಿಕಾಳು ಬೇಯುತ್ತಿದ್ದವು. ಹಿರಿಯರು ನೆಲಕ್ಕೆ ರಮ್ ಚಿಮುಕಿಸಿದರು. ಆನಿಕೆಯ ಕಂಬಗಳನ್ನು ಕೊಡಲಿಯಿಂದ ಒಂದೊಂದಾಗಿ ಕಡಿದು, ಹಡಗನ್ನು ಮೆಲ್ಲಗೆ ಮಗ್ಗುಲಾಗಿ ಉರುಳುಮರಗಳ ಮೇಲೆ ಮಲಗಿಸಿದರು. ಗುಡ್ಡದ ಮೇಲಿನ ಗಾಳಿ ಎಷ್ಟೋ ವರ್ಷ ಒತ್ತಿ ಬಗ್ಗಿಸಿದ ಸೀಡರ್ ಮರಗಳಿಂದ ಆಯ್ದ ಪಕ್ಕೆಗಳು ಅದರವು. ಮರವನ್ನು ಬಗ್ಗಿಸಿದ ಗಾಳಿಯೇ ಇನ್ನು ಮುಂದೆ ಹಾಯಿಗೂ ತುಂಬಬೇಕು.

ಕ್ಲೆಮಿ ಮೊದಲ ಬಾರಿಗೆ ಹಗ್ಗ ಹಿಡಿದವರ ಸಾಲಿಗೆ ಬಂದು, ಎಲ್ಲರಿಗಿಂತ ಮುಂದೆ ನಿಂತಳು. ಎದುರಿಗೆ, ಹಡಗಿಗೆ ಬೆನ್ನು ಮಾಡಿ, ಇಸ್ತ್ರಿ ಮಾಡಿದ ಬಿಳಿ ಉಡುಪಿನಲ್ಲಿ ಯುಡೋರಾ.

ಯುಡೋರಾ ಹಾಡಿದಳು. ದನಿಯೇನೋ ಚೆನ್ನಾಗಿತ್ತು, ಆದರೆ ಅದು ಪ್ರಾರ್ಥನೆಯ ದನಿ. ಒಂದೊಂದು ಸಾಲೂ ಉದ್ದಕ್ಕೆ ಎಳೆದು, ಅಲೆಯಂತೆ ಏರಿ ಇಳಿದು, ಎಲ್ಲಿ ಜಗ್ಗಬೇಕೆಂಬುದೇ ತಿಳಿಯದಂತೆ ಮುಗಿಯುತ್ತಿತ್ತು. ಮುಂದಿನವರು ಜಗ್ಗಿದಾಗ ಹಿಂದಿನವರು ಉಸಿರು ತೆಗೆದುಕೊಳ್ಳುತ್ತಿದ್ದರು. ಒಬ್ಬನಂತೂ ಟೋಪಿ ತೆಗೆದು ತಲೆ ಬಾಗಿಸಿದ.

"ಯಾರಪ್ಪ ಸತ್ತಿದ್ದು?" ಎಂದಿತು ಹಿಂದಿನಿಂದ ಒಂದು ದನಿ.

"ಹಡಗು!" ಎಂದಿತು ಇನ್ನೊಂದು.

ಮತ್ತೆ ಹಾಡು, ಮತ್ತೆ ಜಗ್ಗಾಟ. ಹಡಗು ಅಲುಗಲಿಲ್ಲ. ಭರತ ಏರುವಷ್ಟು ಏರಿ ನಿಂತಿತ್ತು. ಸಾಲಿನಲ್ಲಿ ಗುಸುಗುಸು ಎದ್ದಿತು: "ಕ್ಲೆಮಿ ಇಲ್ದೆ ಆಗೋ ಕೆಲ್ಸ ಅಲ್ಲ ಬಿಡ್ರೋ ಇದು."

ಆ ಮಾತು ಕ್ಲೆಮಿಯ ಕಿವಿಗೆ ಪಾನಕದಂತೆ ಇಳಿಯಿತು. ಇನ್ನು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸಾಕು. ನೀರು ಇಳಿಯುತ್ತದೆ, ಅವಳ ಹೆಸರು ಉಳಿಯುತ್ತದೆ. ಅವಳು ಯುಡೋರಾಳನ್ನು ನೋಡಿದಳು. ಬಿಳಿ ಉಡುಪು ಬೆವರಿನಿಂದ ಮೈಗೆ ಅಂಟಿತ್ತು. ಅವಳ ಹಿಂದೆ, ಸೊಂಟ ಮುರಿದ ಪ್ರಾಣಿಯಂತೆ ಮಗ್ಗುಲಾಗಿ ಬಿದ್ದಿದ್ದ ಹಡಗು. ಅದರ ಪಕ್ಕದಲ್ಲಿ ಆಲ್ಬನ್, ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಿಂತಿದ್ದ.

ಕ್ಲೆಮಿ ಹಗ್ಗ ಬಿಟ್ಟಳು. ಹತ್ತಿರದ ಹಂಡೆಯ ಮುಚ್ಚಳವನ್ನೂ ಸೌಟನ್ನೂ ಕಿತ್ತುಕೊಂಡು ಬಂದು ಯುಡೋರಾಳ ಪಕ್ಕದಲ್ಲಿ ನಿಂತು ಬಾರಿಸಿದಳು. ಟಣ್. ಬಿಡುವು. ಟಣ್.

"ಏನೇ ಇದು? ಮಾನ ಕಳೀತೀಯಾ?" ಎಂದಳು ಯುಡೋರಾ. ಎಷ್ಟೋ ದಿನಗಳ ಮೇಲೆ ಆಡಿದ ಮೊದಲ ಮಾತು.

"ಬೈ," ಎಂದು ಕ್ಲೆಮಿ ಅವಳ ಕಿವಿಯಲ್ಲಿ ಗಾಳಿ ಊದಿದಳು.

"ಏನು?"

"ಹಾಡ್ಬೇಡ, ಬೈ. ನನ್ನನ್ನೇ ಬೈ."

ಯುಡೋರಾ ಒಂದು ಟಣ್ ಯೋಚಿಸಿದಳು. ಎರಡನೆಯ ಟಣ್‌ಗೆ ಅವಳ ಎದೆಯೊಳಗೆ ಕೂಡಿಟ್ಟದ್ದೆಲ್ಲ ಬಾಯಿಗೆ ಬಂತು:

"ಯಾರ ಹೋತ ನನ್ನ ತೊಗರಿ ತಿಂದಿದ್ದು?"

ನೂರು ಗಂಟಲು ಒಂದೇ ಸಲ: "ಕ್ಲೆಮಿ ಹೋತ!"

ಟಣ್. ಹಡಗು ನರಳಿತು.

"ಬೇಲಿ ಹಾರೋದು ಯಾರು ಕಲಿಸಿದ್ದು?"

"ಕ್ಲೆಮಿ ಕಲಿಸಿದ್ದು!"

ಟಣ್. ಹಡಗು ಒಂದು ಗೇಣು ಸರಿಯಿತು. ಇನ್ನು ಯುಡೋರಾಳನ್ನು ಹಿಡಿಯುವವರಿರಲಿಲ್ಲ. ಹೋತದಿಂದ ಕೋಳಿಗೆ, ಕೋಳಿಯಿಂದ ಕ್ಲೆಮಿಯ ಕರಿದ ಮೀನಿನ ಉಪ್ಪಿಗೆ ಅವಳು ಹಾರಿದಳು. ಜನ ನಗುತ್ತ ಜಗ್ಗಿದರು. ಬೈಸಿಕೊಳ್ಳುತ್ತಿದ್ದವಳೇ ತಾಳ ಹಾಕುತ್ತಿದ್ದಳು. ಜನರತ್ತ ನೋಡುವ ಹೊಣೆ ಇಂದು ಅವಳದಲ್ಲ, ಆದ್ದರಿಂದ ತಾಳ ತಪ್ಪಿಸದೆ ಕಡಲಿನತ್ತ ತಿರುಗಿದಳು.

ಆಗ ಕಂಡಿತು. ಮೂತಿ ನೀರು ಮುಟ್ಟಿತು. ನೀರು ಪಕ್ಕೆಯ ಕೆಳಗೆ ನುಸುಳಿತು. ಭಾರವೆಲ್ಲ ಎಲ್ಲಿಗೋ ಹೊರಟುಹೋದಂತೆ ಹಡಗು ಒಮ್ಮೆ ಹೊರಳಿ, ನಿದ್ದೆಯಿಂದ ಎದ್ದು ಕೂತವರ ಹಾಗೆ ನೆಟ್ಟಗಾಗಿ, ತಲೆದೂಗಿತು. ಇಷ್ಟು ವರ್ಷ ಇದು ತನ್ನ ಬೆನ್ನ ಹಿಂದೆಯೇ ನಡೆಯುತ್ತಿತ್ತು ಎಂದುಕೊಂಡ ಕ್ಲೆಮಿಗೆ ಸೌಟು ಕೈಯಿಂದ ಜಾರಿದ್ದೂ ತಿಳಿಯಲಿಲ್ಲ. ಆಲ್ಬನ್ ಸೊಂಟದುದ್ದ ನೀರಿನಲ್ಲಿ ನಿಂತು ದಾರ ಎಳೆದ. ಬಾವುಟ ಬಿಚ್ಚಿತು.

ದಡ ಕೇಕೆ ಹಾಕಿತು. ಅದು ತನ್ನ ಬೈಗುಳಕ್ಕೆ ಬಂದ ಮೆಚ್ಚುಗೆಯೆಂದು ತಿಳಿದ ಯುಡೋರಾ, "ಯಾರ ಮೀನಲ್ಲಿ ಬರೀ ಮುಳ್ಳು?" ಎಂದು ಇನ್ನೂ ಕೂಗುತ್ತಲೇ ಇದ್ದಳು.

ಹಡಗಿನ ಹೆಸರು ಎಲ್ಲರಿಗಿಂತ ಕೊನೆಗೆ ತಿಳಿಯುತ್ತಿದ್ದವಳಿಗೆ ಇಂದು ಯುಡೋರಾಳಿಗಿಂತ ಮೊದಲೇ ತಿಳಿದಿತ್ತು, ಆದರೆ ಹೇಳಲು ದನಿಯಿಲ್ಲ. ಕ್ಲೆಮಿ ಯುಡೋರಾಳ ಎರಡೂ ಭುಜ ಹಿಡಿದು ಕಡಲಿನತ್ತ ತಿರುಗಿಸಿದಳು. ಗಾಳಿಗೆ ಪಟಪಟನೆ ಬಡಿಯುತ್ತಿದ್ದ ಬಟ್ಟೆಯ ಮೇಲೆ ಕೆಂಪು ಅಕ್ಷರಗಳಲ್ಲಿತ್ತು: ಯುಡೋರಾ.

ಯುಡೋರಾ ಮೂಗು ಒರೆಸಿಕೊಂಡು, "ಅಕ್ಷರ ಸೊಟ್ಟಗೆ ಹೊಲಿದಿದ್ದಾನೆ," ಎಂದಳು. ಆಮೇಲೆ ಅತ್ತುಬಿಟ್ಟಳು.

"ಮುಂದಿನ ಹಡಗಿಗೂ ನೀನೇ ಕೂಗು," ಎಂದು ಕ್ಲೆಮಿ ಪಿಸುಗುಟ್ಟಿದಳು. "ನಂಗೆ ನೋಡೋದಿದೆ."

"ಕೂಗ್ತೀನಿ. ಮೊದ್ಲು ನಿನ್ನ ಹೋತ ಕಟ್ಹಾಕು."

"ಬರ್ತಿಲ್ವಲ್ಲೇ ಅದು."

"ಬಾ, ನಾನ್ ಕರೀತೀನಿ," ಎಂದಳು ಯುಡೋರಾ. ಊಟ ಮುಗಿಸಿ ಇಬ್ಬರೂ ಗುಡ್ಡ ಹತ್ತಿದರು.