ನೀರುನಾಯಿಗೆ ವೈರಿಯ ಸಾಕ್ಷಿ

ನಮ್ಮ ಊರಿನ ನಾಲ್ಕು ಪರಿಸರ ಸಂಘಟನೆಗಳು ಜತೆಯಾಗಿ ಕೂರುತ್ತಿದ್ದುದು ಹಂಪನಕಟ್ಟೆಯ ಒಂದು ಮೀನುಬಲೆ ಅಂಗಡಿಯ ಮಾಳಿಗೆಯಲ್ಲಿ. ಒಂದು ಸಂಘಟನೆಯ ಕಚೇರಿಗೆ ಉಳಿದ ಮೂರು ಬರುವುದಿಲ್ಲ. ಅಂಗಡಿಯ ಬ್ಯಾರಿ ಯಜಮಾನರು ಯಾವ ಸಂಘಟನೆಗೂ ಸೇರಿದವರಲ್ಲ, ಮೇಲಾಗಿ ಚಹಾ ಕಳಿಸುತ್ತಿದ್ದರು. ಮನವಿ ಬರೆಯಲು ಪತ್ರಿಕೆಯವನಾದ ನನ್ನನ್ನು ಕರೆದದ್ದೂ ಇದೇ ಕಾರಣಕ್ಕೆ, ನಾನೂ ಯಾರ ಕಡೆಯವನೂ ಅಲ್ಲ.

ವಿಷಯ ಗಂಭೀರವೇ ಆಗಿತ್ತು. ಸುರತ್ಕಲ್ ಬಸ್ಸಿನಲ್ಲಿ ಹೋಗುವಾಗ ಸೇತುವೆಯ ಮೇಲಿಂದ ಕಾಣುವ, ಹೊಳೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಒಂದು ತುಂಡಿಗೆ ಮಣ್ಣು ತುಂಬಿ ಗೋದಾಮು ಕಟ್ಟಲು ಯಾರೋ ಅರ್ಜಿ ಹಾಕಿದ್ದರು. 'ಇಲ್ಲಿ ಹೇಳಿಕೊಳ್ಳುವಂಥ ವನ್ಯಜೀವಿ ಇಲ್ಲ' ಎಂದು ಅರ್ಜಿಯಲ್ಲಿತ್ತು. ಅರ್ಜಿಯ ವಿಚಾರಣೆ ನಡೆಸುವ ಅಧಿಕಾರಿಯ ಮುಂದೆ ಅದು ಸುಳ್ಳೆಂದು ತೋರಿಸಬೇಕಿತ್ತು.

ಹಕ್ಕಿ ಬಳಗದ ಮುಖ್ಯಸ್ಥೆ, ಬ್ಯಾಂಕಿನಿಂದ ನಿವೃತ್ತರಾದ ಮೇಡಂ, ಎರಡು ಪುಟ ಹಕ್ಕಿಗಳ ಹೆಸರು ತಂದರು. ಹಾವು ಹಿಡಿಯುವ ತಂಡದ ಯುವಕನಿಗೆ ಬೇಸರ. "ಯಾವಾಗ ನೋಡಿದರೂ ಹಾವಿಗೆ ಕೊನೆಯ ಸಾಲು ಮೇಡಂ. ಇದೆಂತ ನ್ಯಾಯ?" ಗಿಡ ನೆಡುವವರು ಮರಗಳಿಂದಲೇ ಶುರುವಾಗಬೇಕೆಂದರು, ಹೊಳೆ ಸ್ವಚ್ಛ ಮಾಡುವವರು ನೀರಿನಿಂದ ಎಂದರು. ನಾನು ಎಲ್ಲವನ್ನೂ ಒಂದೇ ಪುಟಕ್ಕೆ ಇಳಿಸಿದೆ. ತಮ್ಮದನ್ನು ಮಾತ್ರ ಕತ್ತರಿಸಿದ್ದೇನೆ ಎಂದು ನಾಲ್ವರಿಗೂ ಅನಿಸಿತು.

ಹಕ್ಕಿ ಪಕ್ಕದ ಮರಕ್ಕೆ ಹಾರೀತು ಎಂದು ಅಧಿಕಾರಿ ಹೇಳಬಹುದಿತ್ತು. ಈ ಹೊಳೆಬದಿ ಬಿಟ್ಟು ಹೋಗಲು ಜಾಗವಿಲ್ಲದ್ದು ನೀರುನಾಯಿ ಎಂದು ಎಲ್ಲರಿಗೂ ಗೊತ್ತಿತ್ತು, ಆದರೆ ಪುರಾವೆ ಇರಲಿಲ್ಲ. ಮೂರು ಭಾನುವಾರ ಕ್ಯಾಮೆರಾ ಹಿಡಿದು ಕಾದದ್ದಕ್ಕೆ ಒಂದು ಬೀದಿನಾಯಿಯ ಚಿತ್ರ ಸಿಕ್ಕಿತು, ಅದೂ ಮಸುಕು.

ಚಹಾದ ಜತೆ ಮೇಲೆ ಬಂದ ಯಜಮಾನರು ಕೇಳಿಸಿಕೊಂಡರು. "ನೀರುನಾಯಿಗೆ ಸಾಕ್ಷಿ ಬೇಕಾ? ನನ್ನ ಗಿರಾಕಿ ಒಬ್ಬರು ಇದ್ದಾರೆ. ಅದಕ್ಕೆ ಬೈಯದೆ ಅವರು ಬಲೆ ತಕೊಂಡು ಹೋದದ್ದೇ ಇಲ್ಲ."

ಆ ಗಿರಾಕಿ ತಲೆತಲಾಂತರದಿಂದ ಕಡಲಿಗಿಳಿದ ಮನೆಯವರು. ಮೊಣಕಾಲು ಕೈಕೊಟ್ಟ ಮೇಲೆ ಸಣ್ಣ ದೋಣಿಯಲ್ಲಿ ಹೊಳೆಮೀನಿಗೆ ಹೋಗುತ್ತಿದ್ದರು. ದೋಣಿ ದಡಕ್ಕೆಳೆಯುವ ಅವರ ಜಾಗ ಇದ್ದದ್ದೇ ಆ ಕಾಂಡ್ಲಾದ ನಡುವೆ. ಮಣ್ಣು ಬಿದ್ದರೆ ಅವರ ಕಸುಬು ಮುಗಿದ ಹಾಗೆ. ಆದರೂ ನಾಲ್ಕು ಸಂಘಟನೆಗಳಲ್ಲಿ ಒಂದೂ ಅವರನ್ನು ಮಾತಾಡಿಸಿರಲಿಲ್ಲ. ಅವರು ಕಾಂಡ್ಲಾ ಕಡಿದು ಒಲೆಗೆ ಹಾಕುತ್ತಾರೆಂದು ಗಿಡದವರಿಗೆ ಗುಮಾನಿ ಇತ್ತು.

ಯಜಮಾನರು ಹೇಳಿಕಳಿಸಿದ ಮೇಲೆ ಮಾಳಿಗೆಗೆ ಬಂದ ಆ ಮೀನುಗಾರರು ನಮ್ಮನ್ನೆಲ್ಲ ಒಮ್ಮೆ ನೋಡಿದರು.

"ನೀರುನಾಯಿ ಉಳಿಸ್ಲಿಕ್ಕೆ ನಾನು ಬರಬೇಕಾ? ಒಳ್ಳೆ ಕತೆ ಮಾರಾಯ್ರೆ. ಮೊನ್ನೆ ಬಲೆ ಹರಿದು ಕಾಣೆಮೀನು ಎಲ್ಲ ತಿಂದಿದೆ. ನನಗೆ ತಲೆ ಮಾತ್ರ ಇಟ್ಟು ಹೋಗಿದೆ."

"ಅದನ್ನೇ ಅಲ್ಲಿ ಹೇಳಿ," ಎಂದೆ.

"ಹೀಗೆ ಬೈದುಕೊಂಡೇ ಹೇಳಬಹುದಾ?"

"ಸ್ವಲ್ಪ ಕಡಿಮೆ ಬೈಯಿರಿ," ಎಂದರು ಮೇಡಂ.

ವಿಚಾರಣೆಯ ದಿನ ಮೀನುಗಾರರು ಮಾತಿಗೆ ಮೊದಲು ಹರಿದ ಬಲೆಯನ್ನು ಅಧಿಕಾರಿಯ ಮೇಜಿನ ಮೇಲೆ ಹರಡಿದರು. ಅದರ ವಾಸನೆಗೆ ಕಿಟಕಿ ತೆರೆಯಬೇಕಾಯಿತು. ನಮ್ಮ ಒಂದು ಪುಟದ ಮನವಿ ಬಲೆಯ ಅಡಿಯಲ್ಲೇ ಉಳಿಯಿತು. "ಗುರುವಾರ ಬೆಳಿಗ್ಗೆ ನಾನೇ ಬರ್ತೇನೆ. ಕಂಡರೆ ಬರೀತೇನೆ, ಕಾಣದಿದ್ದರೆ ಇಲ್ಲ," ಎಂದರು ಅಧಿಕಾರಿ.

ಗುರುವಾರ ನಾಲ್ಕು ಸಂಘಟನೆಗಳೂ ನಾಲ್ಕು ಬ್ಯಾನರ್ ಸಮೇತ ಹಾಜರಾದವು. ಸದ್ದು ಮಾಡಬೇಡಿ ಎಂದದ್ದಕ್ಕೆ, ಯಾರ ಬ್ಯಾನರ್ ಮುಂದಿರಬೇಕೆಂಬ ಜಗಳವನ್ನು ಪಿಸುಮಾತಿನಲ್ಲೇ ಆಡಿದರು. ಹೊಳೆಯಲ್ಲಿ ಬಲೆ ಇಳಿದಿತ್ತು. ಒಂದು ಗಂಟೆಯಾಯಿತು, ಎರಡಾಯಿತು. ಅಧಿಕಾರಿ ವಾಚು ನೋಡಿಕೊಂಡರು.

"ಬೇಡದ ದಿನ ಸಂಸಾರ ಸಮೇತ ಬರ್ತವೆ," ಎಂದರು ಮೀನುಗಾರರು. ಅವರ ಧ್ವನಿಯಲ್ಲಿ ಆ ದಿನ ಬೈಗುಳದ ಬಲ ಇರಲಿಲ್ಲ. ಬೆನ್ನ ಹಿಂದಿದ್ದ ದೋಣಿಯ ಅಂಚನ್ನು ಅವರು ಒಂದು ಕೈಯಲ್ಲಿ ಹಿಡಿದೇ ನಿಂತಿದ್ದರು.

ಅಧಿಕಾರಿ ಜೀಪಿನತ್ತ ತಿರುಗಿದಾಗ ಮೀನುಗಾರರು ತಡೆದು ದಡದ ಕೆಂಪುಕಲ್ಲುಗಳತ್ತ ಕರೆದೊಯ್ದರು. ಕಲ್ಲಿನ ಮೇಲೆ ಮೀನಿನ ಹುರುಪೆ ತುಂಬಿದ ಹಸಿ ಹಿಕ್ಕೆ, ಕೆಸರಿನಲ್ಲಿ ಹೆಜ್ಜೆಗಳು. ಅಧಿಕಾರಿ ಬಗ್ಗಿ ಫೋಟೊ ತೆಗೆಯುತ್ತಿರುವಾಗ ನೀರಿನಲ್ಲಿ ಎರಡು ಚಪ್ಪಟೆ ತಲೆಗಳು ಎದ್ದವು. ಬಲೆ ಜಗ್ಗಿತು. ಮೀನುಗಾರರ ಕೈ ತಾನಾಗಿ ಒಂದು ಕಲ್ಲನ್ನು ಎತ್ತಿಕೊಂಡಿತು. ಎಲ್ಲರೂ ನೋಡುತ್ತಿರುವುದು ತಿಳಿದು ಅವರು ಅದನ್ನು ಮೆಲ್ಲಗೆ ಕೆಳಗಿಟ್ಟರು, ಹೂ ಇಟ್ಟ ಹಾಗೆ.

ಅಧಿಕಾರಿ ಅಲ್ಲೇ ನಿಂತು ಬರೆದರು. ಹೊಸದಾಗಿ ಸಮೀಕ್ಷೆ ಆಗುವವರೆಗೆ ಒಂದು ಬುಟ್ಟಿ ಮಣ್ಣೂ ಬೀಳಬಾರದು ಎಂದು ವಾರದೊಳಗೆ ಆದೇಶ ಬಂತು. ನಾನು ಅದನ್ನು ದೋಣಿಯ ಬಳಿ ಕುಳಿತು ಎಲ್ಲರಿಗೂ ಓದಿ ಹೇಳಿದೆ. ಮೀನುಗಾರರು ಕೊನೆಯವರೆಗೂ ಕೇಳಿದರು.

"ಹಾಗಾದರೆ ದೋಣಿ ಇಲ್ಲೇ ಇರ್ತದೆ."

"ಸದ್ಯಕ್ಕೆ ಇರ್ತದೆ," ಎಂದೆ.

"ಅವಕ್ಕೆ ಇನ್ನು ಕಲ್ಲು ಬಿಸಾಡುವ ಹಾಗಿಲ್ಲ, ಅಲ್ವಾ?"

"ಇಲ್ಲ," ಎಂದರು ಮೇಡಂ.

"ಬೈಯ್ಲಿಕ್ಕೆ?"

ನಾಲ್ಕು ಸಂಘಟನೆಗಳು ಮುಖ ಮುಖ ನೋಡಿಕೊಂಡವು. ಬೈಯಬಹುದು ಎಂದು ತೀರ್ಮಾನವಾಯಿತು. ಯಾರೂ ತಿದ್ದುಪಡಿ ಸೂಚಿಸಲಿಲ್ಲ. ಮೀನುಗಾರರು ಹೊಳೆಯತ್ತ ತಿರುಗಿ ತುಳುವಿನಲ್ಲಿ ಶುರು ಮಾಡಿದರು.