ಮೂರನೆಯ ಎಲೆ

ಹೋದ ಭಾನುವಾರ ರಸೆಲ್ ಮಾರುಕಟ್ಟೆಯಿಂದ ಎರಡು ಕೆಜಿ ಹೊಸ ಹುಣಸೆಹಣ್ಣು ತಂದೆ. ಬೀಜ ತೆಗೆದದ್ದೇ ಬೇಕೆಂದು ಬಾಯಿ ಬಿಟ್ಟು ಹೇಳಿದ್ದರೂ ಅಂಗಡಿಯವನು ಕೈಗೆ ಸಿಕ್ಕಿದ್ದನ್ನು ಕಟ್ಟಿ ಕಳಿಸಿದ್ದ. ಕೆ.ಆರ್. ಪುರದ ಮನೆಗೆ ಬಂದು, ಪೇಪರ್ ಹಾಸಿ, ಅವನನ್ನು ಬೈಯುತ್ತಲೇ ಬೀಜ ಬಿಡಿಸಲು ಕುಳಿತೆ. ಒಂದು ಹಿಡಿಯಷ್ಟಾದ ಮೇಲೆ ನೋಡುತ್ತೇನೆ, ನನಗೇ ಗೊತ್ತಿಲ್ಲದಂತೆ ಬೀಜಗಳನ್ನೆಲ್ಲ ಎರಡೆರಡಾಗಿ ಜೋಡಿಸಿಟ್ಟಿದ್ದೆ. ಆಮೇಲೆ ಕೈ ಓಡಲಿಲ್ಲ…

ಹಲಸೂರಿನ ನಮ್ಮ ಮನೆಯ ಮೇಲೆ ಒಂದೇ ಒಂದು ಕೋಣೆಯಿತ್ತು. ಅದರಲ್ಲಿ ಬಾಡಿಗೆಗಿದ್ದವರನ್ನು ನಾನು ಮಹಡಿ ಅಂಕಲ್ ಎನ್ನುತ್ತಿದ್ದೆ. ತಮಿಳು ಮನೆಮಾತಿನ ಅವರು ನನ್ನನ್ನು ಮುದ್ದಿನಿಂದ 'ಕಣ್ಣು' ಎಂದೇ ಕರೆಯುತ್ತಿದ್ದರು. ಮದುವೆಯಾಗಿರಲಿಲ್ಲ, ಹೇಳಿಕೊಳ್ಳುವಂಥ ನೆಂಟರೂ ಇರಲಿಲ್ಲ. ಪ್ರವಾಸಿಗರ ದೊಡ್ಡ ಹಡಗುಗಳಲ್ಲಿರುವ ಕ್ಯಾಸಿನೋಗಳಲ್ಲಿ ಬಹಳ ವರ್ಷ ಬ್ಲ್ಯಾಕ್‌ಜಾಕ್ ಡೀಲರ್ ಆಗಿ ಎಲೆ ಹಂಚಿದ್ದವರು. ಆದರೆ ಊರಿಗೆ ಬಂದ ಮೇಲೆ ದುಡ್ಡಿಟ್ಟು ಇಸ್ಪೀಟು ಮುಟ್ಟಿದ್ದೇ ಇಲ್ಲ. ಯಾಕೆಂದು ಕೇಳಿದರೆ, "ಅಡುಗೆಮನೆ ನೋಡಿದೋನು ಆ ಹೋಟ್ಲಲ್ಲಿ ತಿಂತಾನಾ ಕಣ್ಣು?" ಎನ್ನುತ್ತಿದ್ದರು.

ಪಿಯುಸಿಯಲ್ಲಿ ಪ್ರಾಬಬಿಲಿಟಿ ಲೆಕ್ಕಗಳು ನನ್ನ ತಲೆಗೆ ಹತ್ತದೆ ಅಳುತ್ತಿದ್ದಾಗ ಕಲಿಸುತ್ತೇನೆಂದು ಮುಂದೆ ಬಂದವರು ಅವರೇ. ಅದೂ ಇಸ್ಪೀಟೆಲೆಯಲ್ಲಿ. "ಚೆನ್ನಾಗಿದೆ, ಹೆಣ್ಣುಮಗೂಗೆ ಜೂಜು ಕಲಿಸೋದೊಂದು ಬಾಕಿ ಇತ್ತು" ಎಂದು ಗೊಣಗಿದ ಅಮ್ಮನೇ, ಕಾಸಿನ ಬದಲು ಇರಲಿ ಎಂದು ಬಿಸ್ಕತ್ತಿನ ಡಬ್ಬಿಯ ತುಂಬ ಹುಣಸೆ ಬೀಜ ಹಾಕಿ ಮೇಲಕ್ಕೆ ಕಳಿಸಿದಳು.

ಕೈಯಲ್ಲಿರುವ ಎಲೆಗಳ ಮೊತ್ತ ಇಪ್ಪತ್ತೊಂದನ್ನು ದಾಟಬಾರದು, ಡೀಲರ್‌ಗಿಂತ ಕಡಿಮೆಯೂ ಆಗಬಾರದು. ಆಟ ಅಷ್ಟೇ. ಅದನ್ನು ಹತ್ತು ನಿಮಿಷದಲ್ಲಿ ಕಲಿಸಿದರು. ಆದರೆ ಮೇಜಿನ ನಿಯಮ ಓದುವುದನ್ನು ಕಲಿಸಲು ಒಂದು ಇಡೀ ಬೇಸಿಗೆ ತೆಗೆದುಕೊಂಡರು. ಎಲ್ಲ ಮೇಜಿನಲ್ಲೂ ಆಟ ಒಂದೇ, ನಿಯಮ ಮಾತ್ರ ಒಂದೊಂದು ಎಳೆಯಷ್ಟು ಬೇರೆ. ಎರಡೇ ಎಲೆಗೆ ಇಪ್ಪತ್ತೊಂದಾದರೆ, ಹತ್ತು ಬೀಜ ಇಟ್ಟವನಿಗೆ ಒಳ್ಳೆಯ ಮೇಜಿನಲ್ಲಿ ಹದಿನೈದು ಸಿಗುತ್ತದೆ, ಕೆಟ್ಟ ಮೇಜಿನಲ್ಲಿ ಹನ್ನೆರಡು. ಎಕ್ಕವನ್ನು ಹನ್ನೊಂದೆಂದು ಎಣಿಸಿ ಹದಿನೇಳಾದಾಗ ಡೀಲರ್ ಅಲ್ಲಿಗೇ ನಿಂತರೆ ನಮಗೆ ಒಳ್ಳೆಯದು. ಇನ್ನೊಂದು ಎಲೆ ಎಳೆಯಬೇಕೆಂದಿದ್ದರೆ ಕ್ಯಾಸಿನೋದ ಕೈ ಮೇಲು. ಹಂಚುವ ಇಸ್ಪೀಟು ಕಟ್ಟುಗಳು ಕಡಿಮೆಯಿದ್ದಷ್ಟೂ ಆಟಗಾರನಿಗೆ ಅನುಕೂಲ. "ಅದಕ್ಕೇ ಒಂದೇ ಕಟ್ಟು ಅಂತ ದೊಡ್ಡದಾಗಿ ಬೋರ್ಡ್ ಹಾಕ್ತಾರೆ. ಹದಿನೈದು ಹನ್ನೆರಡಾಗಿರೋದನ್ನ ಮಾತ್ರ ಸಣ್ಣಕ್ಷರದಲ್ಲಿ ಬರೀತಾರೆ" ಎಂದು ನಗುತ್ತಿದ್ದರು. ಜನ ಸೋಲುವುದು ಎಲೆಯಿಂದಲ್ಲ, ಓದದೆ ಕೂತದ್ದರಿಂದ ಎಂಬುದು ಅವರ ನಂಬಿಕೆ.

ಅವರಿಗೆ ಎಲ್ಲಕ್ಕಿಂತ ಇಷ್ಟವಾದ ನಿಯಮ ಸರೆಂಡರ್. ಕೆಲವು ಮೇಜುಗಳಲ್ಲಷ್ಟೇ ಇರುತ್ತದಂತೆ. ಮೊದಲ ಎರಡು ಎಲೆ ನೋಡಿ, ಇದು ಆಗುವ ಹೋಗುವ ಮಾತಲ್ಲ ಎನಿಸಿದರೆ ಆಟ ಬಿಟ್ಟುಕೊಡಬಹುದು; ಇಟ್ಟದ್ದರಲ್ಲಿ ಅರ್ಧ ವಾಪಸ್ಸು ಬರುತ್ತದೆ. ಅರ್ಧ ಮಾಡಲು ಬರಲೆಂದೇ ನಮ್ಮ ಮಹಡಿಯಲ್ಲಿ ಬೀಜಗಳನ್ನು ಜೋಡಿಯಾಗಿಯೇ ಇಡಬೇಕೆಂದು ಕಟ್ಟಪ್ಪಣೆ. ನನ್ನ ಕೈಯಲ್ಲಿ ಹದಿನಾರು, ಅವರ ಮುಂದೆ ಹತ್ತು ಬಂದಾಗಲೆಲ್ಲ ಸುಮ್ಮನೆ ನನ್ನ ಮುಖ ನೋಡುತ್ತಿದ್ದರು. "ನಾಲ್ಕರಲ್ಲಿ ಮೂರು ಸಲ ಸೋಲ್ತೀಯ. ಉಳಿದಿದ್ರಲ್ಲೂ ಒಮ್ಮೊಮ್ಮೆ ಸಮ ಆಗೋಗತ್ತೆ. ಅರ್ಧ ಎತ್ಕೋ ಕಣ್ಣು, ಮರ್ಯಾದೆಯಾಗಿ ಎದ್ದು ಹೋಗು."

ನಾನು ಎತ್ತಿಕೊಂಡವಳೇ ಅಲ್ಲ. ಮೊದಲಿನಿಂದಲೂ ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಮೂರನೆಯ ಎಲೆ ಎಳೆದು, ಇಪ್ಪತ್ತೊಂದು ದಾಟಿದ ಮೇಲೆ ಬುದ್ಧಿ ಬಂದು, "ಈಗ ಸರೆಂಡರ್" ಎಂದು ಗೋಗರೆಯುತ್ತಿದ್ದೆ. ಅವರು ನಗುತ್ತ, ಇಲ್ಲವೆಂದು ತಲೆಯಾಡಿಸಿ ನನ್ನ ಬೀಜಗಳನ್ನೆಲ್ಲ ಗುಡಿಸಿಕೊಳ್ಳುತ್ತಿದ್ದರು. ಆ ನಗು ಇವತ್ತಿಗೂ…

ಹಠ ಸಾಧಿಸಿ ಕಡೆಗೆ ಕಾಲೇಜಿನಲ್ಲಿ ಗಣಿತ ಪಾಠ ಮಾಡುವವಳೇ ಆದೆ. ಮೂರು ವರ್ಷದ ಹಿಂದೆ ಅವರಿಗೆ ಕ್ಯಾನ್ಸರ್ ಎಂದು ಗೊತ್ತಾದಾಗ ಆಸ್ಪತ್ರೆಗೆ ಜೊತೆಯಲ್ಲಿ ಹೋದವಳು ನಾನೇ. ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ. ಕೀಮೋದಿಂದ ಈ ಹಂತದಲ್ಲಿ ಕೆಲವರಿಗಷ್ಟೇ ಅನುಕೂಲ, ದೇಹ ತಡೆಯದೇ ಹೋಗಬಹುದು. ಬೇಡವೆಂದರೆ ನೋವಿಗೆ ಔಷಧಿ ಕೊಡುತ್ತೇವೆ, ಮನೆಯಲ್ಲಿ ಕೆಲವು ತಿಂಗಳು ನೆಮ್ಮದಿಯಾಗಿ ಇರಬಹುದು ಎಂದರು. ಅಂಕಲ್ ಮೇಜಿನ ನಿಯಮ ಓದುವವರಂತೆ ಒಂದೊಂದೇ ಪ್ರಶ್ನೆ ಕೇಳಿ ತಿಳಿದುಕೊಂಡರು. ಆಟೋದಲ್ಲಿ ಕೂತ ಮೇಲೆ, "ಮನೆಗೆ ಹೋಗೋಣ ಕಣ್ಣು. ಸಾಯಂಕಾಲ ಕೆರೆ ನೋಡ್ಕೊಂಡು ಮಹಡಿ ಮೇಲೆ ಕೂತ್ಕೋತೀನಿ. ಅಮ್ಮನ ಕೈ ಹುಳಿಸಾರು ತಿಂತೀನಿ. ಸಾಕು" ಎಂದರು.

ನಾನು ಒಪ್ಪಲಿಲ್ಲ. ಮನೆಯ ಮೆಟ್ಟಿಲ ಮೇಲೆ ಕೂತು ಅತ್ತೆ. "ಇಷ್ಟು ಬೇಗ ಕೈ ಚೆಲ್ಲಿಬಿಡ್ತೀರಾ ಅಂಕಲ್? ನಾವೇನೂ ಅಲ್ವಾ ನಿಮಗೆ?" ಎಂದು ಕೇಳಬಾರದ್ದನ್ನು ಕೇಳಿದೆ. ಹಿಂದೆ ಹದಿನಾರು ಹಿಡಿದು ಕೂತ ನನ್ನನ್ನು ನೋಡುತ್ತಿದ್ದಂತೆಯೇ ನೋಡಿದರು. ಆಮೇಲೆ, "ಸರಿ. ನಿನಗೋಸ್ಕರ ಒಂದು ಎಲೆ" ಎಂದರು.

ಕೀಮೋದ ಮೊದಲ ಡೋಸಿನ ಮೂರನೆಯ ದಿನಕ್ಕೇ ಜ್ವರ ಬಂತು. ಸೋಂಕು ರಕ್ತಕ್ಕೆ ಹರಡಿತು. ಐಸಿಯುಗೆ ಹಾಕಿದರು. ಮಧ್ಯಾಹ್ನ ಹತ್ತು ನಿಮಿಷ ಮಾತ್ರ ನೋಡಲು ಬಿಡುತ್ತಿದ್ದರು. ಒಂದು ದಿನ ಅವರ ಸ್ಥಿತಿ ನೋಡಲಾಗದೆ, "ನಡೀರಿ ಅಂಕಲ್, ಬಿಡಿಸ್ಕೊಂಡು ಮನೆಗೆ ಕರ್ಕೊಂಡು ಹೋಗ್ತೀನಿ. ಅಮ್ಮ ಹುಳಿಸಾರು ಮಾಡಿದಾಳೆ" ಎಂದೆ. ಆಕ್ಸಿಜನ್ ತೆಗೆದರೆ ಬಾಗಿಲು ದಾಟುವುದಿಲ್ಲವೆಂದು ಡಾಕ್ಟರು ಬೆಳಗ್ಗೆಯೇ ನನಗೆ ಹೇಳಿದ್ದರು. ಅಂಕಲ್ ಮಾಸ್ಕನ್ನು ಸ್ವಲ್ಪ ಸರಿಸಿದರು.

"ಮೂರನೇ ಎಲೆ ಎಳೆದ್ಮೇಲೆ ಸರೆಂಡರ್ ಇಲ್ಲ ಕಣ್ಣು."

ದನಿಯಲ್ಲಿ ಸಿಟ್ಟಿರಲಿಲ್ಲ. ಪಾಠ ಹೇಳುತ್ತಿದ್ದಾಗಿನ ದನಿಯೇ. ನನ್ನ ಕೈಯನ್ನು ಎರಡು ಸಲ ತಟ್ಟಿದರು. ಮಾರನೆಯ ದಿನ ವೆಂಟಿಲೇಟರ್ ಹಾಕಿದರು, ಅದಾದ ನಾಲ್ಕನೆಯ ದಿನ ಹೋದರು. ಮಹಡಿಗೆ ವಾಪಸ್ಸು ಬಂದದ್ದು ಅವರ ಬಟ್ಟೆ ಚೀಲ ಮಾತ್ರ.

ನಿನ್ನ ಕೈಲಾದ್ದನ್ನು ಮಾಡಿದೆ ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ಅಮ್ಮನೂ ಹೇಳುತ್ತಾಳೆ. ಆದರೆ ನಾನು ವರ್ಷವರ್ಷವೂ ಇದೇ ಪಾಠ ಮಾಡುವವಳು, ಲೆಕ್ಕ ನನಗೆ ಗೊತ್ತಿತ್ತು. ಅವರ ಕೈಗೆ ಬಂದದ್ದೂ ಹದಿನಾರೇ; ಅಲ್ಲಿಗೇ ಬಿಟ್ಟುಕೊಟ್ಟಿದ್ದರೆ ವಾಪಸ್ಸು ಸಿಗುವ ಅರ್ಧವಾಗಿ ಕೆಲವು ತಿಂಗಳ ಸಾಯಂಕಾಲಗಳು ಉಳಿಯುತ್ತಿದ್ದವು. ಅವು ಅವರವು. ಅವರನ್ನು ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲವೆಂದು ಅವನ್ನೂ ಪಣಕ್ಕಿಡಿಸಿದೆ.

ಭಾನುವಾರ ಬೀಜಗಳನ್ನು, ಹಲಸೂರಿನಿಂದ ತಂದಿಟ್ಟುಕೊಂಡಿದ್ದ ಅದೇ ಹಳೆಯ ಬಿಸ್ಕತ್ತಿನ ಡಬ್ಬಿಗೆ ತುಂಬಿದೆ. ಹೊಸ ಹುಣಸೆಯಲ್ಲಿ, ಅಮ್ಮ ಮಾಡುವಂತೆಯೇ ಹುಳಿಸಾರು ಮಾಡಿದೆ. ತಟ್ಟೆಗೆ ಬಡಿಸಿಕೊಂಡೆ. ಒಂದು ತುತ್ತೂ ತಿನ್ನದೆ ಎತ್ತಿಟ್ಟೆ.