ನಮ್ಮವರ ಕುರ್ಚಿಗೆ ಬಂದ ಜಾಹೀರಾತು

ಆ ವರ್ಷ ಕ್ಯಾಲಿಫೋರ್ನಿಯಾದ ಮಿಲ್ಪಿಟಾಸಿನಲ್ಲಿ ಯಾರಾದರೂ ಮಧ್ಯಾಹ್ನವೇ ಆಫೀಸಿನಿಂದ ಬಂದರೆ ಅಕ್ಕಪಕ್ಕದವರು ಮೊದಲು ಅವರ ಕೈ ನೋಡುತ್ತಿದ್ದರು, ಆಫೀಸಿನ ಸಾಮಾನು ತುಂಬಿದ ರಟ್ಟಿನ ಡಬ್ಬ ಇದೆಯಾ ಅಂತ. ಚಿಪ್ ಮಾಡುವ ಕಂಪನಿಗಳೆಲ್ಲ ಜನರನ್ನು ಕೆಲಸದಿಂದ ತೆಗೆಯುತ್ತಿದ್ದ ಕಾಲ. ನಮ್ಮ ಪಕ್ಕದ ಮನೆಯವರು ಐವತ್ತು ದಾಟಿದ ಅಮೆರಿಕನ್ ಎಂಜಿನಿಯರು, ಇಪ್ಪತ್ತೆರಡು ವರ್ಷ ಒಂದೇ ಕಡೆ ದುಡಿದವರು. ಅವರೂ ಒಂದು ಬುಧವಾರ ಡಬ್ಬ ಹಿಡಿದು ಬಂದರು. ಮರುದಿನ ಬೆಳಿಗ್ಗೆ ಎಂದಿನಂತೆ ನಮಗಾಗಿ ಬೇಲಿಯ ಮೇಲೆ ನಿಂಬೆಹಣ್ಣು ಇಟ್ಟಿದ್ದರು.

ನಮ್ಮವರ ಕೆಲಸ ಉಳಿದಿತ್ತು. ಆದರೆ ನಾವಿದ್ದದ್ದು ವೀಸಾದ ಮೇಲೆ. ಕೆಲಸ ಹೋದರೆ ಬೆಂಗಳೂರಿನ ವಿಮಾನವೇ. ಗ್ರೀನ್ ಕಾರ್ಡಿಗೆ ಅರ್ಜಿ ಹಾಕಲು ಕಂಪನಿ ಒಪ್ಪಿತ್ತು. ಅದಕ್ಕೊಂದು ಕ್ರಮ ಇತ್ತು: ಇವರು ಕೂತಿರುವ ಕೆಲಸಕ್ಕೇ ಜನ ಬೇಕು ಅಂತ ಪೇಪರಿನಲ್ಲಿ ಜಾಹೀರಾತು ಕೊಡಬೇಕು. ತಕ್ಕ ಅಮೆರಿಕನ್ನರು ಯಾರೂ ಸಿಗದಿದ್ದರೆ ಮಾತ್ರ ಅರ್ಜಿ ಮುಂದೆ ಹೋಗುತ್ತಿತ್ತು.

ಆಫೀಸಿನ ಟೈಪಿಸ್ಟನ್ನೂ ತೆಗೆದಿದ್ದರು. ಹಾಗಾಗಿ ವಕೀಲರು ಕೇಳಿದ ಕೆಲಸದ ವಿವರವನ್ನು ಇವರು ಮನೆಗೇ ತಂದರು. ನನಗಿಲ್ಲಿ ದುಡಿಯುವ ಅನುಮತಿ ಇರಲಿಲ್ಲ. ಮೈಸೂರಿನಲ್ಲಿ ಪಾಸು ಮಾಡಿದ್ದ ಸೀನಿಯರ್ ಟೈಪಿಂಗು ಬೆರಳಲ್ಲೇ ತುಕ್ಕು ಹಿಡಿಯುತ್ತಿತ್ತು. ಯಾರದೋ ಮನೆಯ ಹಳೇ ಸಾಮಾನಿನ ಗರಾಜ್ ಸೇಲಿನಲ್ಲಿ ಕೊಂಡಿದ್ದ ಟೈಪ್‌ರೈಟರನ್ನು ಊಟದ ಮೇಜಿನ ಮೇಲಿಟ್ಟು ಕೂತೆ. ಇವರು ಹೇಳುತ್ತಾ ಹೋದರು, ನಾನು ಹೊಡೆಯುತ್ತಾ ಹೋದೆ.

“ರೀ, ಇದು ಕೆಲಸದ ವಿವರಾನೋ, ನಿಮ್ಮ ಜಾತಕಾನೋ?” ಅಂತ ನಕ್ಕಿದ್ದೆ.

ಕೆಲವು ವಾರ ಕಳೆದು ಒಂದು ಭಾನುವಾರ ಉಪ್ಪಿನಕಾಯಿಗೆ ನಿಂಬೆಹಣ್ಣು ಹೆಚ್ಚುತ್ತಿದ್ದೆ. ಪಕ್ಕದ ಮನೆಯವರು ಪೇಪರು ಹಿಡಿದು ಅಡಿಗೆಮನೆಯ ಬಾಗಿಲಿಗೇ ಬಂದರು. ಒಂದು ಜಾಹೀರಾತಿಗೆ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದರು. ಕಂಪನಿಯ ಹೆಸರಿಲ್ಲ, ಅರ್ಜಿ ಕಳಿಸಲು ಸರ್ಕಾರಿ ಉದ್ಯೋಗ ಆಫೀಸಿನ ವಿಳಾಸ ಮಾತ್ರ.

“ಇಷ್ಟು ದಿನಕ್ಕೆ ನನಗೆ ಹೆಚ್ಚುಕಡಿಮೆ ಹೊಂದೋ ಅಂಥದ್ದು ಒಂದು ಕಾಣಿಸ್ತು. ನಿಮ್ಮ ಯಜಮಾನರ ಲೈನೇ. ಯಾವ ಕಂಪನಿ ಅಂತ ಅವರಿಗೆ ಗೊತ್ತಿರಬಹುದಾ?”

ಮೊದಲ ಸಾಲು ಓದುತ್ತಲೇ ತಿಳಿಯಿತು. ನಾನೇ ಹೊಡೆದ ಸಾಲು. “ಇವರು ಗ್ರೋಸರಿಗೆ ಹೋಗಿದ್ದಾರೆ, ಬಂದಮೇಲೆ ಕೇಳ್ತೀನಿ” ಅಂದು ಕಾಫಿ ಕೊಟ್ಟು ಕಳಿಸಿದೆ.

ಇವರು ಬಂದ ಕೂಡಲೇ ವಿಷಯ ತಿಳಿಸಿ ಹೇಳಿದೆ, “ಗೊತ್ತಿಲ್ಲ ಅಂದ್ಬಿಡಿ.”

“ದಿನಾ ಅವರ ನಿಂಬೆಹಣ್ಣು ತಿಂದು ಹೇಗೆ ಹೇಳ್ಲೇ?” ಇವರು ಹಾಲಿನ ಡಬ್ಬವನ್ನು ಫ್ರಿಜ್ಜಿಗಿಟ್ಟರು.

“ಅವರು ಅರ್ಜಿ ಹಾಕಿ, ಅವರೇ ತಕ್ಕವರು ಅಂತಾದ್ರೆ? ಮಗೂನ ಎತ್ಕೊಂಡು ಪ್ಲೇನ್ ಹತ್ತೋದಾ?”

“ಅದು ನಿಜವಾದ ಜಾಹೀರಾತು ಅಂತ ಕಂಪನಿ ಸಹಿ ಹಾಕುತ್ತೆ ಕಣೇ. ನಿಜವಾದದ್ದಾದ್ರೆ ಅವರಿಗೂ ಗೊತ್ತಾಗ್ಬೇಕು ತಾನೇ?”

ಹೋಗಿ ಹೇಳಿಯೇಬಿಟ್ಟರು, ಅದು ನನ್ನದೇ ಕುರ್ಚಿ ಅಂತ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಪಕ್ಕದ ಮನೆಯವರು ಪೇಪರು ಮಡಿಸಿ ಜೇಬಿಗಿಟ್ಟುಕೊಂಡು ತುಂಬ ಹೊತ್ತು ಗುಲಾಬಿ ಗಿಡಕ್ಕೆ ನೀರು ಬಿಟ್ಟರು.

“ಅರ್ಜಿ ಹಾಕ್ತಾರಂತೆ,” ಇವರು ಬಂದು ಹೇಳಿದರು. “ನಿನ್ನ ಕುರ್ಚಿ ಮೇಲೆ ಆಸೆಯಿಲ್ಲ, ಆದ್ರೆ ನನಗೂ ಒಂದು ಕುರ್ಚಿ ಬೇಕಲ್ಲ ಅಂದ್ರು. ಹಾಕಿ ಅಂದೆ.”

ದಿನಾ ಉಪ್ಪಿನಕಾಯಿ ಭರಣಿಯನ್ನು ಬಿಸಿಲಿಗಿಟ್ಟು, ಕುಲುಕಿ, ಒಳಗಿಟ್ಟೆ. ಬೇಲಿಯ ಮೇಲೆ ನಿಂಬೆಹಣ್ಣು ಮಾತ್ರ ಒಂದು ದಿನವೂ ತಪ್ಪಲಿಲ್ಲ. ತಪ್ಪಿದ್ದರೇ ನನಗೆ ಸುಲಭವಾಗುತ್ತಿತ್ತು.

ಉಪ್ಪಿನಕಾಯಿ ಕಳಿಯುವ ಹೊತ್ತಿಗೆ ಅವರನ್ನು ಇಂಟರ್‌ವ್ಯೂಗೆ ಕರೆದರು. ಆ ಕೆಲಸಕ್ಕೆ ಚಿಪ್‌ನ ನಕ್ಷೆ ಬರೆದ ಅನುಭವ ಬೇಕಿತ್ತು. ಅವರು ಬೇರೆಯವರು ಬರೆದದ್ದನ್ನು ಟೆಸ್ಟ್ ಮಾಡುತ್ತಾ ಬಂದವರು. ಆಗಲಿಲ್ಲ. ಅದನ್ನು ಹೇಳಲು ತಾವೇ ನಮ್ಮನೆಗೆ ಬಂದರು.

“ಆ ಜಾಹೀರಾತು ನಿಮ್ಮ ಯಜಮಾನರ ಅಳತೆಗೆ ಹೊಲಿದ ಅಂಗಿ. ನನಗೆ ತೋಳೇ ಹಿಡಿಸಲಿಲ್ಲ.”

ಕಾಫಿ ಲೋಟ ಅವರ ಮುಂದಿಟ್ಟು ಹೇಳಿಬಿಟ್ಟೆ. “ಟೈಪ್ ಮಾಡಿದವಳು ನಾನೇ. ಇದೇ ಮೇಜಿನ ಮೇಲೆ. ಆವತ್ತು ಓದಿದ ಕೂಡಲೇ ಗೊತ್ತಾಗಿತ್ತು. ನಿಮಗೆ ಹೇಳಲಿಲ್ಲ.”

ಅವರು ಟೈಪ್‌ರೈಟರನ್ನು ನೋಡಿದರು, ನನ್ನನ್ನು ನೋಡಿದರು.

“ಇಷ್ಟು ಒಳ್ಳೇ ದರ್ಜಿ ಪಕ್ಕದ ಮನೆಯಲ್ಲೇ ಇದ್ದು, ನಾನು ಹಳೇ ಕೋಟು ಹಾಕ್ಕೊಂಡು ಓಡಾಡ್ತಿದ್ದೆನಾ!” ಅಂದರು.

ಮರುದಿನ ಹೊಸದಾಗಿ ಟೈಪ್ ಮಾಡಿಕೊಡಿ ಅಂತ ತಮ್ಮ ರೆಸ್ಯೂಮೆ ತಂದರು. ಇಪ್ಪತ್ತೆರಡು ವರ್ಷಕ್ಕೆ ಮೂರೇ ಸಾಲು.

“ಆಮೇಲೆ?” ಅಂದೆ.

“ಆಮೇಲೇನು? ಟೆಸ್ಟ್ ಮಾಡಿದೆ.”

“ಕೆಟ್ಟ ಚಿಪ್ ಅಂತ ಹೇಗೆ ಗೊತ್ತಾಗುತ್ತೆ?”

ಅಷ್ಟು ಕೇಳಿದ್ದೇ ತಡ, ಅವರು ಹೇಳುತ್ತಲೇ ಹೋದರು, ನಾನು ಹೊಡೆಯುತ್ತಲೇ ಹೋದೆ. ಒಲೆಯ ಮೇಲಿನ ಸಾರು ಎರಡು ಸಲ ಉಕ್ಕಿತು. ಪುಟ ಎರಡಾಯಿತು. ಕನ್ನಡಕ ಏರಿಸಿ ಓದಿಕೊಂಡು, “ಯಾರಿವನು? ಇವನನ್ನ ನಾನೇ ಕೆಲಸಕ್ಕೆ ತಗೊಳ್ತಿದ್ದೆ” ಅಂದರು.

ಹತ್ತಿರದ ಊರು ಮಾರ್ಗನ್ ಹಿಲ್ಲಿನ ಒಂದು ಸಣ್ಣ ಕಂಪನಿ ಅವರನ್ನು ಕೆಲಸಕ್ಕೆ ತೆಗೆದುಕೊಂಡಿತು. ನಮ್ಮ ಗ್ರೀನ್ ಕಾರ್ಡು ಬಂದದ್ದು ಅದಾಗಿ ಎಷ್ಟೋ ದಿನಕ್ಕೆ. ಪಕ್ಕದ ಮನೆಯವರು ಮೊದಲ ದಿನ ಕೆಲಸಕ್ಕೆ ಹೊರಟಾಗ ಅವರ ಊಟದ ಚೀಲಕ್ಕೆ ಒಂದು ಸೀಸೆ ಉಪ್ಪಿನಕಾಯಿ ಹಾಕಿದೆ. ಸ್ಯಾಂಡ್‌ವಿಚ್ಚಿಗೆ ಹಚ್ಚಿಕೊಂಡು ತಿಂದರಂತೆ. ಸಂಜೆ ಖಾಲಿ ಸೀಸೆ ತೊಳೆದು, ನಿಂಬೆಹಣ್ಣಿನ ಜೊತೆ ಬೇಲಿಯ ಮೇಲಿಟ್ಟಿದ್ದರು.